ಉಳಿದ ಒಂದು ಬಾಯಿ

ಗುದ್ದಲಿಯನ್ನು ಬದಿಗೆಸೆದು ಮಾಬಂಡ್ಲ ಅಂಗೈಯ ಮಣ್ಣು ಕೊಡವಿದ. "ಕುಳಿ ತೋಡಿದ್ದೀವಿ. ನೆರೆಯವರ ಕೆಲಸ ಅಷ್ಟೇ. ಕರೆಯೋದು ಮಾತ್ರ ನನ್ನ ಕೈಲಾಗಲ್ಲ."

ದನದ ದೊಡ್ಡಿಯ ಮಗ್ಗುಲಲ್ಲಿ, ಕಂಬಳಿ ಸುತ್ತಿದ ಬೊವಾನ ಕುಳಿಯೊಳಗಿದ್ದ. ಮಣ್ಣು ಮುಚ್ಚುವ ಮುನ್ನ ಓರಗೆಯವನೊಬ್ಬ ಅವನನ್ನು ತಂದೆಯ ಹೆಸರು ಹಿಡಿದು ಕೂಗಬೇಕು. ಕೂಗದಿದ್ದರೆ ಸತ್ತ ಹಿರಿಯರು ಅವನನ್ನು ಒಳಗೆ ಸೇರಿಸುವುದಿಲ್ಲ.

"ಅಣ್ಣಾ, ಒಂದೇ ದೀಕ್ಷೆ ಗುಡಿಸಲಲ್ಲಿ ಒಟ್ಟಿಗೆ ಗಂಡಸರಾದೋರು ನೀವು," ಎಂದಳು ಬೊವಾನನ ಹೆಂಡತಿ ನೊಸಾಫೊ.

"ಅದಕ್ಕೇ ಹೊಟ್ಟೆ ಉರಿಯೋದು, ಅತ್ತಿಗೆ. ಬಾಯಿ ಹೊಲಿಯೋ ಕಾನೂನು ಬಂತು. ಊರೊಟ್ಟಿನ ನೆಲದಲ್ಲಿ ಮನೆ ಇದ್ದೋರಿಗೆ ಓಟಿಲ್ಲ ಅಂತ ನಮ್ಮೂರಿನ ಹದಿನೆಂಟು ಹೆಸರು ಹೊಡೆದುಹಾಕಿದ್ರು. ಸ್ವಂತ ಜಾಗದ ಪತ್ರ ಇದ್ದ ಇವನೊಬ್ಬನ ಬಾಯಿ ಉಳೀತು. ಗೆದ್ರೆ ಆ ಕಾನೂನು ತೆಗೆಸ್ತೀನಿ ಅಂದಿದ್ದ ಹ್ಯಾಲಂ ಸಾಹೇಬ. ಕಚೇರಿ ಪುಸ್ತಕದಲ್ಲಿ ನೋಡಿದ್ರೆ, ಇವನ ಹೆಸರಿನ ಮುಂದೆ ಸಾಹೇಬನ ಎದುರಾಳಿ ಹಾರ್ಮ್‌ಸನ್ ಅಂತಿದೆ!"

"ಓಟಿನ ದಿನ ಕೂಗೋಕೆ ಗಂಟಲೆಲ್ಲಿತ್ತು ಅವರಿಗೆ?" ಎಂದಳು ನೊಸಾಫೊ.

"ಹಾರ್ಮ್‌ಸನ್ ಕೊಟ್ಟ ಎತ್ತು ನುಂಗಿದ್ನಲ್ಲ, ಅದಕ್ಕೇ ಕಟ್ಕೊಂಡಿತ್ತು!" ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ನಗು ತಡೆದುಕೊಂಡರು.

*

ಕೇಪ್ ಪಾರ್ಲಿಮೆಂಟಿನ ಚುನಾವಣೆಯ ದಿನ ನೊಸಾಫೊ ಕಚೇರಿಯ ಕಿಟಕಿಯಾಚೆ ನಿಂತಿದ್ದಳು. ಬೊವಾನನ ಗಂಟಲಿನ ಗಡ್ಡೆ ನಿಂಬೆಯಷ್ಟಾಗಿ, ದನಿ ಹೋಗಿ ವಾರವಾಗಿತ್ತು. ತನ್ನ ಓಟು ಯಾರಿಗೆಂದು ಬರೆದು ತಂದಿದ್ದ ಚೀಟಿಯನ್ನು ಅವನು ಮೇಜಿನ ಮೇಲಿಟ್ಟ.

"ಚೀಟಿ ನಡೆಯಲ್ಲ. ಎಲ್ಲರಿಗೂ ಕೇಳೋ ಹಾಗೆ ಬಾಯಲ್ಲೇ ಹೇಳು," ಎಂದ ಅಧಿಕಾರಿ.

ಬೊವಾನ ಬಾಯಿ ತೆರೆದ. ಕತ್ತಿನ ನರಗಳು ಉಬ್ಬಿದವು.

"ಹ್..."

ಬರಿಯ ಉಸಿರು. ಮತ್ತೆ, "ಹ್... ಹ್..."

"ಹಾರ್ಮ್‌ಸನ್," ಎನ್ನುತ್ತ ಗುಮಾಸ್ತ ಬರೆದುಕೊಂಡ. "ಮುಂದಿನವನು ಬಾ."

ಬೊವಾನ ತಲೆ ಅಲ್ಲಾಡಿಸಿದ, ಮೇಜು ಗುದ್ದಿದ. ಪೇದೆ ಚೀಟಿಯನ್ನು ಅವನ ಕೈಗೆ ತುರುಕಿ, ತೋಳು ಹಿಡಿದು ಹೊರಗೆ ಬಿಟ್ಟ. ಹ್ಯಾಲಂ ಒಂದೇ ಮತದಿಂದ ಸೋತ.

*

ನೊಸಾಫೊ ಶಾಲಿನ ಗಂಟು ಬಿಚ್ಚಿ ಆ ಚೀಟಿಯನ್ನು ಚಾಚಿದಳು. "ಮೇಷ್ಟ್ರು ಓದಿದ್ರಲ್ಲ ಅಣ್ಣಾ. ಕಾನೂನು ತೆಗೆಸ್ತೀನಿ ಅಂದ ಆ ಒಳ್ಳೆ ದೊರೆಯದೇ ಇರೋದು ಇದರಲ್ಲಿ."

"ಸಾಹೇಬ ಸೋತ ಮೇಲೆ ಇವನು ಬರೆದಿರ್ತಾನೆ. ಕಾಗದಕ್ಕೇನು!"

ಗಂಡಸರು ಸತ್ತವನ ಗೌರವಕ್ಕೆಂದು ತೆಗೆದಿದ್ದ ಟೊಪ್ಪಿಗೆಯನ್ನು ಒಬ್ಬೊಬ್ಬರಾಗಿ ಹಾಕಿಕೊಂಡು ದಾರಿಗಿಳಿದರು. ಕುಳಿಯೊಳಗೆ ಬೊವಾನ ಯಾರ ಮಗನೂ ಅಲ್ಲದೆ ಮಲಗಿದ್ದ.

ಬೊವಾನನ ತಂದೆ, ನೊಸಾಫೊಳ ಮಾವ, ಅವನ ಹೆಸರು ಹಂಬಿಲೆ. ಸೊಸೆಯಾದವಳು ಅದನ್ನು ನುಡಿಯಬಾರದು. ಆ ಮೊದಲಕ್ಷರಕ್ಕೆ ಅಂಜಿ ಹ್ಯಾಲಂ ಸಾಹೇಬನ ಹೆಸರನ್ನೂ ಅವಳು ಒಮ್ಮೆಯೂ ಹೇಳಿರಲಿಲ್ಲ. ಮೂವತ್ತೆಂಟು ವರ್ಷ ಹೀಗೇ ಬಾಳಿದವಳು ಹೆಂಗಸರ ಗುಂಪನ್ನು ಬಿಟ್ಟು, ಹೆಂಗಸರು ಕಾಲಿಡದ ದೊಡ್ಡಿಯ ಮಗ್ಗುಲಿಗೆ ನಡೆದು, ಕುಳಿಯ ಅಂಚಿನಲ್ಲಿ ನಿಂತಳು. ಬಾಯಿ ತೆರೆದಳು.

"ಹ್..."

ಉಸಿರಷ್ಟೇ ಬಂತು. ಕತ್ತಿನ ನರಗಳು ಉಬ್ಬಿದವು. "ಹ್... ಹ್..."

ದಾರಿಯಲ್ಲಿ ಮಾಬಂಡ್ಲ ನಿಂತ. ತಿರುಗಿ ಅವಳ ಗಂಟಲನ್ನೇ ನೋಡಿದ. ಅವನ ಕೈ ಮೆಲ್ಲಗೆ ತಲೆಯ ಟೊಪ್ಪಿಗೆಯವರೆಗೆ ಹೋಗಿ, ಅಲ್ಲೇ ನಿಂತುಬಿಟ್ಟಿತು.