ಹುಬ್ಬಳ್ಳಿಗೆ ಹೋಗದ ಚಿತ್ರಗಳು

ಗದಗಿನ ಆ ಸಣ್ಣ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳ ಜವಾಬ್ದಾರಿಯೆಲ್ಲ ಪದ್ಮಜಾಳದು. ತಲೆಯ ಸ್ಕ್ಯಾನ್ ಮಾಡಿದ ಚಿತ್ರಗಳು ಸರ್ವರ್ ಯಂತ್ರಕ್ಕೆ ಬಂದು, ಅಲ್ಲಿಂದ ಪಕ್ಕದ ಕೋಣೆಯ ಕಂಪ್ಯೂಟರಿಗೆ ಹೋಗಿ, ಅದು ಅವನ್ನು ಹುಬ್ಬಳ್ಳಿಯ ತಜ್ಞರಿಗೆ ಕಳಿಸಬೇಕು. ಚಿತ್ರ ತಡ, ಚಿತ್ರ ತಡ ಎಂದು ಗೊಣಗಿ ಗೊಣಗಿ ಡಾಕ್ಟರ್ ಶಿವಯೋಗಿ ಕೊನೆಗೆ ಎರಡೂ ಯಂತ್ರಗಳಿಗೆ ಹೊಸ ವೇಗದ ನೆಟ್‌ವರ್ಕ್ ಕಾರ್ಡ್ ತರಿಸಿಕೊಟ್ಟಿದ್ದರು. ಅಂದು ಬೆಳಿಗ್ಗೆ ಪದ್ಮಜಾ ಅವನ್ನು ಕೂರಿಸಿ, ಸೆಟ್ಟಿಂಗಿನಲ್ಲಿ ‘ಜಂಬೋ ಪ್ಯಾಕೆಟ್’ ಚಾಲೂ ಮಾಡಿದಳು. ಮಾಹಿತಿಯನ್ನು ಚಿಕ್ಕ ಚಿಕ್ಕ ಕಟ್ಟುಗಳ ಬದಲು ದೊಡ್ಡ ಕಟ್ಟುಗಳಲ್ಲಿ ಕಳಿಸುವ ಏರ್ಪಾಡು ಅದು. ಪುಟ್ಟ ಫೈಲೊಂದನ್ನು ಕಳಿಸಿ ನೋಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಆಯಿತಲ್ಲ ಎಂದು ಊಟಕ್ಕೆ ಎದ್ದಳು.

ಡಬ್ಬಿ ಬಿಚ್ಚುವ ಮೊದಲೇ ಕಳಸಾಪುರದಿಂದ ದುರಗವ್ವ ಎಂಬ ಹೆಂಗಸನ್ನು ಕರೆತಂದರು. ಬೆಳಿಗ್ಗೆಯೇ ಮೆಣಸಿನಕಾಯಿ ಬಿಡಿಸುತ್ತಿದ್ದವಳಿಗೆ ಲಕ್ವ ಹೊಡೆದು ಬಲಗೈ ಜೋತುಬಿದ್ದಿತ್ತು, ಮಾತು ನಿಂತಿತ್ತು. ಸ್ಕ್ಯಾನ್ ಆಯಿತು.

“ರಕ್ತ ಹೆಪ್ಪುಗಟ್ಟಿದ್ರ ಇಂಜೆಕ್ಷನ್ ಕೊಡಬಹುದು. ಒಳಗ ಸೋರಿದ್ರ ಅದ ಇಂಜೆಕ್ಷನ್ ಜೀವಾ ತಗೀತೈತಿ,” ಎಂದರು ಡಾಕ್ಟರು. “ಹುಬ್ಬಳ್ಳಿಯವರು ನೋಡಿ ಹೇಳ್ಲಿ. ಜಲ್ದಿ ಕಳಸ್ರಿ, ಹೊತ್ತು ಮೀರಿದ್ರ ಏನೂ ಮಾಡಾಕ ಬರಂಗಿಲ್ಲ.”

ಚಿತ್ರಗಳು ಹೋಗಲಿಲ್ಲ. ಪರದೆಯ ಮೇಲಿನ ಹಸಿರು ಗೆರೆ ಇರುವೆಯಷ್ಟು ಮುಂದೆ ಸರಿದು ಅಲ್ಲೇ ನಿಂತಿತು. ಪದ್ಮಜಾ ಕೇಬಲ್ ಬದಲಿಸಿದಳು, ಎರಡೂ ಯಂತ್ರಗಳನ್ನು ಆರಿಸಿ ಹಚ್ಚಿದಳು. ಮತ್ತೆ ಅದೇ. ಪೆನ್‌ಡ್ರೈವಿನಲ್ಲಿ ಒಯ್ಯೋಣವೆಂದರೆ ಸರ್ವರ್ ಯಂತ್ರದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಕಾರ್ಡ್ ಮಾರಿದವರಿಗೆ ಫೋನ್ ಮಾಡಿದರೆ ಬರೀ ಸಂಗೀತ ಕೇಳಿಸಿತು. ಡಾಕ್ಟರು ಸ್ಕ್ಯಾನ್ ಯಂತ್ರದ ಪರದೆಯ ಫೋಟೋ ತೆಗೆದು ಮೊಬೈಲಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ಇದರಲ್ಲಿ ಸಣ್ಣ ಸೋರಿಕೆ ಕಾಣುವುದಿಲ್ಲ, ಹೇಳಲಾರೆವು ಎಂದರು ತಜ್ಞರು. ಗಾಡಿಯಲ್ಲಿ ಹುಬ್ಬಳ್ಳಿಗೆ ಒಯ್ದರೆ ದಾರಿಯಲ್ಲೇ ಹೊತ್ತು ಮೀರುತ್ತಿತ್ತು.

ಬಾಗಿಲಲ್ಲಿ ದುರಗವ್ವನ ಮಗ ಪರಶುರಾಮ ನಿಂತಿದ್ದ. ಕೈಯಲ್ಲಿ ತಾಯಿಯ ಚಪ್ಪಲಿ.

“ಅಕ್ಕಾರ, ಹೋತೇನ್ರಿ?”

“ಇಲ್ರಿ, ಇನ್ನೂ ಇಲ್ಲ.”

“ಕೈ ಮುಗೀತೇನ್ರಿ, ಏನರ ಮಾಡ್ರಿ.”

ಅವಳ ಬೆರಳುಗಳು ಒತ್ತಬಾರದ್ದನ್ನು ಒತ್ತತೊಡಗಿದವು. ಇದ್ದಬದ್ದ ದೇವರನ್ನೆಲ್ಲ ನೆನೆದಳು. ಆಗ ಅವಳಿಗೆ ಒಂದು ಕಂಡಿತು: ದುರಗವ್ವನ ಹೆಸರು, ವಯಸ್ಸು ಇದ್ದ ಪುಟ ಪಕ್ಕದ ಯಂತ್ರಕ್ಕೆ ಮುಟ್ಟಿತ್ತು, ಚಿತ್ರ ಮಾತ್ರ ಮುಟ್ಟಿರಲಿಲ್ಲ. ಸಣ್ಣದು ಹೋಗುತ್ತಿದೆ, ದೊಡ್ಡದು ಹೋಗುತ್ತಿಲ್ಲ. ಕಾರ್ಡ್ ಎರಡೂ ಹೊಸವು, ಆದರೆ ನಡುವೆ ಕೂತು ಎರಡನ್ನೂ ಜೋಡಿಸುವ ಸ್ವಿಚ್ ಡಬ್ಬಿ ಹಳೆಯದು. ದೊಡ್ಡ ಕಟ್ಟುಗಳು ಅದಕ್ಕೆ ಹಿಡಿಸದೆ ಅಲ್ಲೇ ಬಿದ್ದು ಹೋಗುತ್ತಿದ್ದವು.

“ಅಯ್ಯೋ, ನಾನ ಮಾಡಿದ್ದು!” ಎಂದು ಬಾಯಿಬಿಟ್ಟೇ ಹೇಳಿದಳು. ಎರಡೂ ಕಡೆ ಜಂಬೋ ತೆಗೆದು ಮೊದಲಿನಂತೆ ಇಟ್ಟಳು. ಗೆರೆ ಒಮ್ಮೆ ತಡೆದು, ಸರಸರನೆ ಓಡಿ ತುದಿ ಮುಟ್ಟಿತು.

ಹುಬ್ಬಳ್ಳಿಯಿಂದ ಫೋನ್ ಬಂತು: ಸೋರಿಲ್ಲ, ಕೊಡಿ. ಡಾಕ್ಟರು ಓಡಿದರು.

ಸಂಜೆಯ ಹೊತ್ತಿಗೆ ದುರಗವ್ವನ ಬಲಗೈ ಬೆರಳು ಆಡಿದವು. ಮಾತು ಬರಲಿಲ್ಲ.

ನಡೆದದ್ದನ್ನೆಲ್ಲ ಹೇಳಿ ಪದ್ಮಜಾ ಡಾಕ್ಟರನ್ನು ಕೇಳಿದಳು, “ಅಷ್ಟು ಹೊತ್ತು ಹೋಗದಿದ್ರ ಮಾತು ಉಳೀತಿತ್ತೇನ್ರಿ, ಸರ್?”

“ಅದನ್ನ ಯಾರಿಂದಲೂ ಹೇಳಾಕ ಆಗಂಗಿಲ್ರಿ,” ಎಂದರು ಅವರು, ಅವಳ ಮುಖ ನೋಡದೆ.

ಹೊರಗೆ ಪರಶುರಾಮ ಅವಳ ಕಾಲಿಗೆ ಬಗ್ಗಿದ. “ನಿಮ್ಮಿಂದ ನಮ್ಮವ್ವ ಉಳದ್ಳು, ಅಕ್ಕಾರ.”

ಪದ್ಮಜಾ ಹಿಂದೆ ಸರಿದಳು. “ಹಂಗ ಅನಬ್ಯಾಡ್ರಿ. ತಡಾ ಆಗಿದ್ದು ನನ್ನಿಂದನ. ಮುಂಜಾನೆ ನಾ ಏನೋ ಬದಲು ಮಾಡಿದ್ದೆ, ಸರಿಯಾಗಿ ನೋಡಲಿಲ್ಲ.”

ಅವನು ಅವಳನ್ನೇ ನೋಡಿದ. ಬೈಯುತ್ತಾನೆಂದು ಅವಳು ಕಾದಳು; ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವನು ಒಳಗೆ ಹೋಗಿ, ತಾಯಿಯ ಬಾಯಂಚಿನ ಜೊಲ್ಲನ್ನು ತನ್ನ ಟವೆಲ್ಲಿನಿಂದ ಒರೆಸಿದ.

“ಯವ್ವಾ, ನಾ ಯಾರು? ಹೇಳು ನೋಡೋಣು.”

ದುರಗವ್ವ ಮಗನ ಮುಖ ನೋಡುತ್ತ ತುಟಿ ಅಲ್ಲಾಡಿಸಿದಳು. ಅವನು ಬಗ್ಗಿ ಕಿವಿಗೊಟ್ಟ. ಪದ್ಮಜಾ ಬಾಗಿಲಲ್ಲೇ ನಿಂತಳು, ಒಳಗೆ ಹೋಗಲೂ ಆಗದೆ, ಮನೆಗೆ ಹೊರಡಲೂ ಆಗದೆ.