ಕರೆ ಮಾಡುತ್ತಿರುವವರು: ಹೆಣದ ಗಾಡಿ

ಶವ ಸಾಗಿಸುವ ಗಾಡಿಯ ಡ್ರೈವರನ್ನು ಎಲ್ಲರೂ ನಿಧಾನಿ ಎಂದೇ ಕರೆಯುತ್ತಿದ್ದರು. ಹಿಂದೆ ಮಲಗಿದವರಿಗೇ ಅವಸರವಿಲ್ಲದ ಮೇಲೆ ತನಗೇಕೆ ಅವಸರ ಎಂಬುದು ಅವನ ವಾದ. ಮನುಷ್ಯ ಒಳ್ಳೆಯವನು, ಮಾತು ನಯ, ಅಂಗಿಗೆ ಸದಾ ಇಸ್ತ್ರಿ. ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಅದಕ್ಕೆ ಕಾರಣ ತನ್ನ ಕೆಲಸವಲ್ಲ, ಫೋನ್ ನಂಬರು ಎಂದು ಅವನು ನಂಬಿದ್ದ.

ನಂಬಿಕೆಯಲ್ಲಿ ಹುರುಳಿತ್ತು. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಅದು ಯಾರದೆಂದು ತೋರಿಸುವ ಆ್ಯಪ್ ಈಗ ಎಲ್ಲರ ಫೋನಿನಲ್ಲೂ ಇದೆ. ಅದಕ್ಕೆ ಸ್ವಂತ ಬುದ್ಧಿಯಿಲ್ಲ. ಜನ ತಮ್ಮ ತಮ್ಮ ಫೋನಿನಲ್ಲಿ ಏನೆಂದು ಬರೆದುಕೊಂಡಿರುತ್ತಾರೋ ಅದನ್ನೇ ಒಟ್ಟುಮಾಡಿ ಊರಿಗೆಲ್ಲ ಸಾರುತ್ತದೆ. ನಿಧಾನಿಯ ನಂಬರನ್ನು ಜನ ಬರೆದುಕೊಳ್ಳುತ್ತಿದ್ದುದು ಮನೆಯಲ್ಲಿ ಗೋಳಾಟ ನಡೆಯುತ್ತಿರುವಾಗ. ಆ ಗಡಿಬಿಡಿಯಲ್ಲಿ ಅವನ ಅಪ್ಪ ಅಮ್ಮ ಇಟ್ಟ ಹೆಸರೇನೆಂದು ಕೇಳುವ ವ್ಯವಧಾನ ಯಾರಿಗಿದ್ದೀತು? ಹಾಗಾಗಿ ಅವನು ಯಾರಿಗೆ ಫೋನ್ ಮಾಡಿದರೂ ಅವರ ಪರದೆಯ ಮೇಲೆ ದಪ್ಪಕ್ಷರದಲ್ಲಿ ‘ಹೆಣದ ಗಾಡಿ’ ಎಂದು ಮೂಡುತ್ತಿತ್ತು.

ಬಹಳ ಮಂದಿ ಎತ್ತುತ್ತಲೇ ಇರಲಿಲ್ಲ. ಒಮ್ಮೆ ನಲ್ಲಿ ರಿಪೇರಿಯವನಿಗೆ ಫೋನ್ ಮಾಡಿದರೆ ಅವನು ಅಳುತ್ತಲೇ ಎತ್ತಿ, “ನಮ್ಮಜ್ಜೀನಾ?” ಎಂದಿದ್ದ. ನಿಧಾನಿ ಆ್ಯಪ್ ಒಳಹೊಕ್ಕು ತನ್ನ ಸರಿಯಾದ ಹೆಸರು ತುಂಬಿಸಿ ನೋಡಿದ. ಸ್ವಲ್ಪ ದಿನ ಸುಮ್ಮನಿದ್ದ ಆ್ಯಪ್ ಮತ್ತೆ ಬಹುಮತಕ್ಕೆ ಶರಣಾಯಿತು. ಅವನ ಅಕ್ಕ ನೆಂಟರಿಷ್ಟರಿಗೆಲ್ಲ ದುಂಬಾಲು ಬಿದ್ದು, “ಎಲ್ರೂ ಇವನನ್ನ ‘ಸಾರಿಗೆ ಅಧಿಕಾರಿ’ ಅಂತ ಸೇವ್ ಮಾಡ್ಕೊಳ್ರಪ್ಪಾ” ಎಂದಳು. ನೆಂಟರು ಹೂಂ ಎಂದರು, ಮಾಡಲಿಲ್ಲ. ಅವಳ ಫೋನಿನಲ್ಲೇ ಒಬ್ಬ ತಮ್ಮ ‘ತಮ್ಮ ಬ್ಯಾಂಕು’, ಇವನು ‘ತಮ್ಮ ಹೆಣ’.

ಹೀಗಿರುವಾಗ ಅವನ ಕನ್ನಡಕದ ಕಡ್ಡಿ ಮುರಿಯಿತು.

ಕನ್ನಡಕದ ಅಂಗಡಿಯಾಕೆ ಅವನ ವಯಸ್ಸಿನವಳೇ. ಕಿವಿಯ ಹಿಂದೆ ಪುಟ್ಟ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದಳು. ಅವನ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ ಹುಬ್ಬೇರಿಸಿದಳು.

“ಇದನ್ನ ಹಾಕ್ಕೊಂಡು ಏನ್ ಕೆಲ್ಸ ಮಾಡ್ತೀರಿ?”

“ಡ್ರೈವರು.”

“ಅಯ್ಯೋ ದೇವರೇ! ನಿಮ್ಮ ಗಾಡೀಲಿ ಕೂತೋರ ಗತಿ?”

“ನಮ್ಮ ಗಾಡೀಲಿ ಯಾರೂ ಕೂರಲ್ಲ ಮೇಡಂ. ಇಲ್ಲೀವರೆಗೂ ಒಬ್ರೂ ದೂರು ಕೊಟ್ಟಿಲ್ಲ.”

ಸರಕಿನ ಗಾಡಿ ಇರಬೇಕು ಎಂದುಕೊಂಡು ಅವಳು ನಕ್ಕಳು. ಆ ನಗುವಿಗೆ ನಿಧಾನಿ ಕರಗಿ ನೀರಾದ. ಕಣ್ಣು ಪರೀಕ್ಷೆ ಮಾಡಿ ಹೊಸ ಗಾಜು ಬೇಕೇ ಬೇಕು ಎಂದಳು. “ಗಾಜು ಶನಿವಾರ ಸಂಜೆ ಬರುತ್ತೆ. ಭಾನುವಾರ ಅಂಗಡಿ ತೆಗೆಯಲ್ಲ. ಆದ್ರೆ ನಿಮ್ಮನ್ನ ಸೋಮವಾರದವರೆಗೆ ಬಿಟ್ರೆ ರಸ್ತೇಲಿ ಜನ ಉಳಿಯಲ್ಲ. ಭಾನುವಾರ ಬೆಳಿಗ್ಗೆ ಒಂದು ಫೋನ್ ಹಾಕಿ, ಬಂದು ಬಾಗಿಲು ತೆಗೀತೀನಿ” ಎಂದು ನಂಬರು ಕೊಟ್ಟಳು.

ಭಾನುವಾರ ಬೆಳಿಗ್ಗೆ ನಿಧಾನಿ ಕನ್ನಡಿಯ ಮುಂದೆ ನಿಂತು ‘ಹಲೋ’ ಎನ್ನುವುದನ್ನು ನಾಲ್ಕಾರು ಬಗೆಯಲ್ಲಿ ಅಭ್ಯಾಸ ಮಾಡಿ ಫೋನ್ ಹಚ್ಚಿದ.

ಅವಳು ಆಗ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಫೋನು ಕೆಳಗೆ ಊಟದ ಮೇಜಿನ ಮೇಲೆ ಚಾರ್ಜಿಗಿತ್ತು. ಪಕ್ಕದಲ್ಲೇ ಅವಳ ಅಪ್ಪ ಮೈತುಂಬ ಕಂಬಳಿ ಹೊದ್ದು, ಚಹಾದಲ್ಲಿ ಬ್ರೆಡ್ ಅದ್ದಿಕೊಂಡು ತಿನ್ನುತ್ತಿದ್ದ. ಆತ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಎದುರಿಗಿರುವವರೆಲ್ಲ ಕಳ್ಳರೆಂಬ ಭಾವನೆ ಮಾತ್ರ ನಿವೃತ್ತವಾಗಿರಲಿಲ್ಲ. ವಾರದಿಂದ ಎದೆ ಕಟ್ಟಿ ಕೆಮ್ಮುತ್ತಿದ್ದ. ಫೋನು ಗುಣುಗುಟ್ಟಿತು. ಬಗ್ಗಿ ನೋಡಿದ. ‘ಹೆಣದ ಗಾಡಿ’. ಕೈಯಲ್ಲಿದ್ದ ಬ್ರೆಡ್ಡು ಚಹಾದಲ್ಲಿ ಮುಳುಗಿ ಹೋಯಿತು.

“ಏಯ್!” ಎಂದು ಮಗನನ್ನು ಕೂಗಿದ. ಮಗ ವಿಮೆ ಏಜೆಂಟ್, ಮುಖಕ್ಕೆಲ್ಲ ಸೋಪಿನ ನೊರೆ ಹಚ್ಚಿಕೊಂಡು ಬಚ್ಚಲಿನಿಂದ ಓಡಿ ಬಂದ.

“ನಾಕು ಸಲ ಕೆಮ್ಮಿದ್ದಕ್ಕೇ ಗಾಡಿ ಬುಕ್ ಮಾಡಿಬಿಟ್ಯೇನೋ?”

“ಯಾವ ಗಾಡಿ ಅಪ್ಪಾ?”

“ಏನೂ ಗೊತ್ತಿಲ್ಲದೋನ ಥರ ನಟಿಸಬೇಡ. ಟಿಕೆಟ್ ಇಲ್ಲದೋರೆಲ್ಲ ಹೀಗೇ ಕಣ್ಣು ಬಿಡ್ತಿದ್ರು!”

ಅಷ್ಟರಲ್ಲಿ ಕರೆ ನಿಂತಿತ್ತು. ಅಪ್ಪ ಬಿಡಲಿಲ್ಲ, ತಾನೇ ತಿರುಗಿ ಫೋನ್ ಮಾಡಿದ.

“ಹಲೋ...” ಎಂದಿತು ಆ ಕಡೆಯಿಂದ ಜೇನಿನಂಥ ದನಿ.

“ಯಾವನೋ ನಿನ್ನ ಕರೆದಿದ್ದು? ಹೆಣ ನಾನೇ ಮಾತಾಡ್ತಾ ಇದೀನಿ. ನಾನಿನ್ನೂ ರೆಡಿಯಾಗಿಲ್ಲ!”

ಹಿಂದೆಯೇ ಕೆಮ್ಮು ಉಕ್ಕಿ ಬಂತು. ನಿಧಾನಿಗೆ ಕೇಳಿಸಿದ್ದು ‘ಹೆಣ’ ಮತ್ತು ‘ರೆಡಿ’ ಎರಡೇ. ಅವಳ ಫೋನಿನಿಂದ, ಅಳುವಂಥ ಗಂಡಸಿನ ದನಿ! ಆದರೂ ಬಾಯಿ ರೂಢಿಯಂತೆ ತನ್ನ ಪಾಡಿಗೆ ಕೆಲಸ ಶುರುಮಾಡಿತು.

“ಧೈರ್ಯ ತಂದ್ಕೊಳ್ಳಿ ಯಜಮಾನ್ರೇ. ಮನೆ ಎಲ್ಲಿ? ಮೆಟ್ಟಿಲು ಅಗಲ ಇದೆಯಾ?”

“ಕೇಳಿಸ್ಕೊಂಡ್ಯಾ? ಅಳತೆ ತಗೋತಾ ಇದಾನೆ!” ಎಂದು ಮಗನಿಗೆ ಹೇಳಿದ ಅಪ್ಪ, ವಿಳಾಸವನ್ನು ಬಾಗಿಲ ಬಣ್ಣದ ಸಮೇತ ಒದರಿ, “ಬಾ! ಅದು ಹೇಗೆ ಒಯ್ತೀಯೋ ನಾನೂ ನೋಡ್ತೀನಿ!” ಎಂದು ಫೋನ್ ಕುಕ್ಕಿದ.

ಅಂದು ಮೊದಲ ಬಾರಿಗೆ ನಿಧಾನಿ ಗಾಡಿಯನ್ನು ಜೋರಾಗಿ ಓಡಿಸಿದ. ದಾರಿಯುದ್ದಕ್ಕೂ ‘ಅವಳಾಗದಿರಲಿ, ಬೇರೆ ಯಾರಾದರೂ ಆಗಲಿ’ ಎಂದು ಬೇಡಿಕೊಂಡ. ಬೇರೆ ಯಾರಾದರೂ ಎಂದದ್ದು ತಪ್ಪೆಂದು ಹೊಳೆದರೂ ತಿದ್ದಿಕೊಳ್ಳಲು ಹೋಗಲಿಲ್ಲ.

ಗಾಡಿ ಬಂದು ನಿಂತದ್ದೇ ತಡ, ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಪಕ್ಕದ ಮನೆಯಾಕೆ ಎದೆ ಬಡಿದುಕೊಂಡು ಗೋಳೋ ಎಂದಳು. “ಯಾಕಮ್ಮಾ ಅಳ್ತೀಯಾ? ನಾನು ಇಲ್ಲೇ ಇದೀನಲ್ಲ!” ಎಂದು ಅಪ್ಪ ಬಾಗಿಲಲ್ಲಿ ನಿಂತು ಗದರಿದ. ಅವಳಿಗೆ ಅಳು ಅರ್ಧಕ್ಕೆ ನಿಲ್ಲಿಸಿ ಅಭ್ಯಾಸವಿರಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಅತ್ತಳು.

ಗಲಾಟೆ ಕೇಳಿ ಖಾಲಿ ಬಕೆಟ್ ಹಿಡಿದು ಇಳಿದು ಬಂದ ಮಗಳು ನಿಧಾನಿಯನ್ನು ಕಂಡು ನಿಂತುಬಿಟ್ಟಳು. ಅವನು ಕಡ್ಡಿಯ ಬದಲು ದಾರ ಕಟ್ಟಿದ್ದ ಕನ್ನಡಕದಲ್ಲಿ ಅವಳನ್ನು ಕಣ್ಣರಳಿಸಿ ನೋಡಿ, “ಸದ್ಯ, ನೀವು ಬದುಕಿದೀರಿ!” ಎಂದ.

ಅಪ್ಪ ಅವನ ಎದುರಿಗೆ ಬಂದು ನಿಂತ. “ನಿನ್ನ ಕರೆಸಿದ್ದು ಈ ನನ್ನ ಮಗ ತಾನೇ?”

“ಇಲ್ಲ ಯಜಮಾನ್ರೇ. ಫೋನ್ ಮಾಡಿದ್ದು ನಾನೇ, ನಿಮ್ಮ ಮಗಳಿಗೆ.”

“ಓಹೋ! ಅವಳೂ ಸೇರ್ಕೊಂಡಿದಾಳಾ!”

“ಕನ್ನಡಕಕ್ಕೆ ಅಪ್ಪಾ!” ಎಂದು ಅವಳು ಬಕೆಟ್ ಕೆಳಗಿಟ್ಟಳು. ಪರದೆಯಲ್ಲಿ ಮೂಡಿದ ಹೆಸರಿನ ಕತೆಯನ್ನು ನಿಧಾನಿ ತಲೆತಗ್ಗಿಸಿ ಬಿಡಿಸಿ ಹೇಳಿದ. ಮಗನ ಮುಖದ ಮೇಲಿನ ನೊರೆ ಆ ಹೊತ್ತಿಗೆ ಒಣಗಿ ಬಿರಿಯುತ್ತಿತ್ತು. ಅವಳು ತಡೆಯಲಾರದೆ ಗೋಡೆ ಹಿಡಿದುಕೊಂಡು ನಕ್ಕಳು.

ಅಪ್ಪನಿಗೆ ನಗು ಬರಲಿಲ್ಲ, ಕುತೂಹಲ ಬಂತು. ಗಾಡಿಯ ಹಿಂಬಾಗಿಲು ತೆಗೆಸಿದ. ಒಳಗಿಣುಕಿ, ಹಾಸನ್ನು ಒತ್ತಿ ನೋಡಿ, ಯಾರು ಬೇಡವೆಂದರೂ ಕೇಳದೆ ಹತ್ತಿ ಉದ್ದಕ್ಕೆ ಮಲಗಿಯೇಬಿಟ್ಟ. ಪಕ್ಕದ ಮನೆಯಾಕೆ ಹೊಸದಾಗಿ ಕಿರುಚಿದಳು.

“ಕಾಲು ಚಾಚೋಕೆ ಧಾರಾಳ ಜಾಗ ಇದೆಯಪ್ಪಾ” ಎಂದು ಒಳಗಿಂದ ದನಿ ಬಂತು. “ನಮ್ಮ ರೈಲಿನ ಮೇಲಿನ ಬರ್ತಿಗಿಂತ ವಾಸಿ.”

ಕನ್ನಡಕವೇನೋ ಅಂಗಡಿಯಲ್ಲಿತ್ತು. ಅಲ್ಲಿಗೆ ಹೋಗಲು ಅವಳು ಮುಂದಿನ ಸೀಟಿನಲ್ಲಿ ನಿಧಾನಿಯ ಪಕ್ಕ ಕೂತಳು. ಅಪ್ಪ ಹಿಂದಿನಿಂದ ಇಳಿಯಲೊಪ್ಪದೆ, ಕೊನೆಗೆ ಕಿಟಕಿ ಪಕ್ಕದ ಜಾಗ ಕೊಡುತ್ತೇವೆಂದ ಮೇಲೆ ಮುಂದೆ ಬಂದ. ರಸ್ತೆಯಲ್ಲಿ ಬಸ್ಸುಗಳು ದಾರಿ ಬಿಟ್ಟವು. ಪೊಲೀಸಿನವನು ಕೈ ತೋರಿಸಿ ಮೊದಲು ಇವರನ್ನೇ ಕಳಿಸಿದ. “ನೋಡು, ಇಷ್ಟು ಮರ್ಯಾದೆ ನನ್ನ ಮದುವೇಲೂ ಸಿಕ್ಕಿರಲಿಲ್ಲ” ಎಂದು ಅಪ್ಪ ಬೀಗಿದ.

“ನಿಮ್ಮ ಫೋನಲ್ಲಿ ಆ ಹೆಸರು ಬದಲಾಯಿಸಿಬಿಡಿ” ಎಂದು ನಿಧಾನಿ ಮೆಲ್ಲಗೆ ಕೇಳಿಕೊಂಡ.

“ಬೇಡ ಬಿಡಿ. ಆ ಹೆಸರಿದ್ರೆ, ಯಾರ ಫೋನು ಅಂತ ಇಣುಕೋ ನಮ್ಮಣ್ಣ ನನ್ನ ಫೋನ್ ಹತ್ರಾನೂ ಸುಳಿಯಲ್ಲ. ಇನ್ಮೇಲೆ ಯಾವಾಗ ಬೇಕಾದ್ರೂ ಮಾಡಬಹುದು” ಎಂದಳು ಅವಳು. ನಿಧಾನಿಗೆ ಗೇರು ಸಿಗಲಿಲ್ಲ.

ಅಂಗಡಿಯಲ್ಲಿ ಅವಳು ಹೊಸ ಕನ್ನಡಕವನ್ನು ಅವನ ಮೂಗಿನ ಮೇಲಿಟ್ಟು, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, “ಈಗ ಕಾಣ್ತಾ ಇದೆಯಾ?” ಎಂದಳು.

“ತುಂಬಾ ಚೆನ್ನಾಗಿ.”

“ಅಕ್ಷರದ ಬೋರ್ಡು ಆ ಕಡೆ ಇದೆ.”

ಅವನು ಆ ಕಡೆ ತಿರುಗಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ. ಹೊರಗೆ ಗಾಡಿಯ ಸುತ್ತ ಆಗಲೇ ಜನ ಸೇರಿದ್ದರು. ಒಬ್ಬ ಕಿಟಕಿಯ ಹತ್ತಿರ ಬಂದು, ಒಳಗೆ ಕಂಬಳಿ ಹೊದ್ದು ಕೂತಿದ್ದ ಅಪ್ಪನನ್ನು ಕನಿಕರದಿಂದ ನೋಡಿ, “ಪಾಪ, ಯಾರು ತೀರಿಕೊಂಡಿದ್ದು?” ಎಂದು ಕೇಳಿದ.

“ಇನ್ನೂ ತೀರ್ಮಾನ ಆಗಿಲ್ಲ” ಎಂದ ಅಪ್ಪ, ಹಾರನ್ ಒತ್ತುತ್ತಾ.