ಅತ್ತಿಗೆಯ ಏಟು

ಚಂದ್ರಕೀರ್ತಿ ಸತ್ತ ಸುದ್ದಿ ಟೀವಿಯಲ್ಲಿ ಬಂದಾಗ ಹೈಮಾವತಿ ಬದನೆಕಾಯಿ ಹೆಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಕನ್ನಡದ ಜನ ತಲೆಯ ಮೇಲೆ ಹೊತ್ತು ಮೆರೆಸಿದ ನಟ, ಅಭಿಮಾನಿಗಳ ಬಾಯಲ್ಲಿ 'ಧಣಿ', ಹೋದ. ಒಂದು ಚಾನೆಲ್‌ನವರು ಅತ್ತರು, ಇನ್ನೊಂದು ಚಾನೆಲ್‌ನವರು ಅವರಿಗಿಂತ ಜೋರಾಗಿ ಅತ್ತರು. ಗಂಡ ನರಸಿಂಹಮೂರ್ತಿಗಳು ಮೆಲ್ಲಗೆ ರಿಮೋಟಿಗೆ ಕೈ ಹಾಕಿದರು.

"ಇರಲಿ ಬಿಡಿ. ಹೆಣ ಆದ ಮೇಲಾದರೂ ನನ್ನ ಕಡೆ ಮುಖ ತಿರುಗಿಸ್ತಾನೇನೋ ನೋಡೋಣ," ಅಂದಳು ಹೈಮಾವತಿ.

ಸುಮ್ಮನೆ ಬಂದ ಮಾತಲ್ಲ ಅದು. ಮೂರ್ತಿಗಳ ಕೈಹಿಡಿದು ವಿಶಾಖಪಟ್ಟಣಕ್ಕೆ ಬಂದು, ಕಾರ್ಖಾನೆಯ ಟೌನ್‌ಷಿಪ್ಪಿನಲ್ಲಿ ಸಂಸಾರ ಹೂಡುವ ಮೊದಲು ಅವಳು ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದಳು. ಅಲ್ಲಿಂದ ಸಿನಿಮಾಕ್ಕೆ ಕರೆ ಬಂತು. ಸಿಕ್ಕಿದ್ದು ಧಣಿಯ ಅತ್ತಿಗೆಯ ಪಾತ್ರ. ಗಯ್ಯಾಳಿ ಅತ್ತಿಗೆ, ಒಡವೆ ಕದ್ದೆಯಾ ಅಂತ ಏನೂ ಅರಿಯದ ಮೈದುನನ ಕೆನ್ನೆಗೆ ಬಾರಿಸುತ್ತಾಳೆ. ಧಣಿ ಕದಲುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, "ಕೈ ನೋಯ್ತಾ ಅತ್ತಿಗೆ?" ಅಂತ ಕೇಳುತ್ತಾನೆ. ಥಿಯೇಟರಿನಲ್ಲಿ ಹೆಂಗಸರೆಲ್ಲ ಗೊಳೋ ಅಂದರು. ಕೊನೆಗೆ ಅತ್ತಿಗೆ ತಪ್ಪಾಯ್ತು ಅಂತ ಮೈದುನನ ಕಾಲಿಗೆ ಬೀಳುವುದೂ ಇತ್ತು, ಆದರೆ ಜನ ನೆನಪಿಟ್ಟುಕೊಂಡದ್ದು ಏಟನ್ನು. ನಿಜ ಹೇಳಬೇಕೆಂದರೆ ಆ ಏಟು ಧಣಿಗೆ ತಾಗೇ ಇರಲಿಲ್ಲ! ಕೈ ಗಾಳಿಯಲ್ಲಿ ಹಾದುಹೋಯಿತು, ಧಣಿಯ ಮುಖದ ಪೌಡರ್ ಕೂಡ ಅಳಿಸಲಿಲ್ಲ. ಛಟೀರ್ ಅನ್ನುವ ಸದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದರು.

ಸಿನಿಮಾ ಗೆದ್ದಿತು, ಕಲಾವಿದರು ಊರೂರಿನ ಥಿಯೇಟರಿಗೆ ಹೋದರು. ಹಾಸನದಲ್ಲಿ ಹೈಮಾವತಿ ಕಾರಿನಿಂದ ಇಳಿದದ್ದೇ ತಡ, ಕೆಂಪಂಗಿ ತೊಟ್ಟ ಪಡ್ಡೆ ಹುಡುಗನೊಬ್ಬ ನುಗ್ಗಿ ಬಂದು ಮುಖಕ್ಕೆ ಸೆಗಣಿ ಎರಚಿದ. ನಮ್ಮ ಧಣಿಗೆ ಹೊಡೆದ ಕೈ ಇದೇ ಏನೇ ಅಂತ ಅವಳ ಬಲಗೈ ಹಿಡಿದು ತಿರುಚಿದ. ಮಣಿಕಟ್ಟು ಲಟ್ ಅಂದಿತು. ಹೈಮಾವತಿ ಕಾರಿನೊಳಗಿದ್ದ ಧಣಿಯ ಕಡೆ ನೋಡಿದಳು. ಅದು ನಟನೆ ಕಣ್ರಯ್ಯ, ಬಿಡಿ ಅವಳನ್ನ, ಅಂತ ಒಂದು ಮಾತು ಸಾಕಿತ್ತು. ಧಣಿ ಮುಖ ಆ ಕಡೆ ತಿರುಗಿಸಿಕೊಂಡು ಆ ಬದಿಯ ಅಭಿಮಾನಿಗಳಿಗೆ ಕೈ ಬೀಸಿದ.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ! ಕಥೆ ಬರೆದವನು ಯಾವನೋ, ಹೊಡಿ ಅಂದವನು ಇನ್ಯಾವನೋ, ಮುರಿದದ್ದು ಇವಳ ಕೈ. ಆಮೇಲೆ ಒಬ್ಬ ನಿರ್ಮಾಪಕನೂ ಕರೆಯಲಿಲ್ಲ. ಈಕೆ ಬಂದರೆ ಗಲಾಟೆ ಅಂತ ನಾಟಕ ಕಂಪನಿಯವರೂ ದೂರ ಇಟ್ಟರು. ಟೌನ್‌ಷಿಪ್ಪಿನ ತೆಲುಗು ನೆರೆಹೊರೆಗೆ ಅವಳು ಬರೀ ಹೈಮಾವತಿಗಾರು, ಒಳ್ಳೆ ಉಪ್ಪಿನಕಾಯಿ ಹಾಕುವವಳು. ಕಡಲಿನ ತೇವದ ಗಾಳಿ ಬೀಸಿದ ದಿನ ಮಣಿಕಟ್ಟು ನೋಯುತ್ತಿತ್ತು. ಆ ದಿನ ಸಾರಿಗೆ ಖಾರ ಹೆಚ್ಚು ಬೀಳುತ್ತಿತ್ತು, ಮೂರ್ತಿಗಳು ತುತ್ತಿಗೊಂದು ಗುಟುಕು ನೀರು ಕುಡಿದು ಉಣ್ಣುತ್ತಿದ್ದರು.

ವಾರದೊಳಗೆ ಕೆಂಪಣ್ಣ ಬಂದ. ವಿಜಯವಾಡದಲ್ಲಿ ಬೆಂಗಳೂರು ಅಯ್ಯಂಗಾರ್ ಬೇಕರಿ ಇಟ್ಟವನು. ಅಯ್ಯಂಗಾರಿಕೆಗೂ ಅವನಿಗೂ ಸಂಬಂಧವಿಲ್ಲ, ಬೆಂಗಳೂರಿಗೂ ಇಲ್ಲ, ಹಾಸನದ ಕಡೆಯವನು. ವಿಜಯವಾಡದ ಕನ್ನಡಿಗರ ನಡುವೆ ಧಣಿಯ ಅಭಿಮಾನಿ ಸಂಘ ಕಟ್ಟಿ ತಾನೇ ಅಧ್ಯಕ್ಷನಾಗಿದ್ದ. ಒಂದು ಡಬ್ಬ ದಿಲ್‌ಪಸಂದ್ ಮುಂದಿಟ್ಟು, ಹೊಟ್ಟೆ ಸವರಿಕೊಂಡು ವಿಷಯಕ್ಕೆ ಬಂದ. ವಿಜಯವಾಡದಲ್ಲಿ ಧಣಿಯ ನೆನಪಿನ ಸಭೆ, ಆರ್ಕೆಸ್ಟ್ರಾ ಇದೆ. ಕೆಂಪಣ್ಣನೇ ವಿಗ್ ಇಟ್ಟು ಜೂನಿಯರ್ ಚಂದ್ರಕೀರ್ತಿಯಾಗಿ ವೇದಿಕೆ ಹತ್ತುತ್ತಾನೆ. ಹೈಮಾವತಿಯಮ್ಮ ಬಂದು ಆ ಕಾಲಿಗೆ ಬೀಳುವ ಸೀನನ್ನು ಅವನೊಂದಿಗೆ ಮಾಡಿಕೊಟ್ಟರೆ ಧಣಿಯ ಆತ್ಮಕ್ಕೆ ಶಾಂತಿ.

ಅಂದರೆ ಇವಳು ಇವನ ಕಾಲಿಗೆ ಬೀಳಬೇಕು! ಮೂರ್ತಿಗಳು ಕುರ್ಚಿಯಿಂದ ಅರ್ಧ ಎದ್ದರು. ಅಷ್ಟಕ್ಕೆ ಬಿಟ್ಟಿದ್ದರೆ ಕೆಂಪಣ್ಣನ ಪುಣ್ಯ. ಅವನು ಕಾಫಿ ಹೀರುತ್ತಾ, ನಗುನಗುತ್ತಾ ಹಾಸನದ ಕಥೆ ತೆಗೆದ. ಆ ಕೆಂಪಂಗಿ ಹುಡುಗ ತಾನೇ ಅಂದ. ಯಾವುದೋ ಪದಕ ಗೆದ್ದವನ ಹಾಗೆ ಹೇಳಿದ, ಪಾಪಿ.

"ಅದು ನಟನೆ ಅಲ್ವಾ ಕೆಂಪಣ್ಣ?" ಅಂದಳು ಹೈಮಾವತಿ.

"ಏನೇ ಆಗ್ಲಿ ಕಣಮ್ಮ, ಕೈ ಬಿದ್ದಿದ್ದು ನಮ್ ಧಣಿ ಕೆನ್ನೆ ಮೇಲೆ ತಾನೆ? ಸುಮ್ಕೆ ಬಿಡಕ್ಕಾಯ್ತದಾ?"

ಹೈಮಾವತಿ ಅಲ್ಲೇ ತೀರ್ಮಾನ ಮಾಡಿದಳು. ಧಣಿ ಆ ಒಂದು ಮಾತು ಆಡದೆ ಸತ್ತು ತಪ್ಪಿಸಿಕೊಂಡ. ಇವನು ಬದುಕಿದ್ದಾನೆ. ಇವನ ಬಾಯಿಂದಲೇ, ಇವನ ಜನರ ಮುಂದೆಯೇ, ಅದು ನಟನೆ ಅಂತ ಹೇಳಿಸಬೇಕು. ಸುಮ್ಮನೆ ಹೇಳಿಸುವುದಲ್ಲ, ಕೆನ್ನೆ ಕೆಂಪಗೆ ಮಾಡಿ ಹೇಳಿಸಬೇಕು. ಬರುತ್ತೇನೆ, ಆದರೆ ಏಟಿನ ಸೀನು ಮೊದಲು ಆಗಬೇಕು, ತಪ್ಪೇ ಮಾಡದೆ ಕಾಲಿಗೆ ಬೀಳುವುದು ಹೇಗೆ, ಅಂತ ನಯವಾಗಿ ಕೇಳಿದಳು. ಕೆಂಪಣ್ಣನಿಗೆ ಖುಷಿಯೋ ಖುಷಿ. ಕೈ ನೋಯ್ತಾ ಅತ್ತಿಗೆ ಅನ್ನುವ ಡೈಲಾಗನ್ನು ಅವನು ಹರೆಯದಿಂದ ಕನ್ನಡಿಯ ಮುಂದೆ ಹೇಳಿಕೊಂಡು ಬಂದಿದ್ದ.

ಅವತ್ತಿನಿಂದ ದಿನವೂ ಚಪಾತಿ. ಬಲಗೈಯಲ್ಲೇ ಹಿಟ್ಟು ನಾದಿದಳು, ನಾದಿದ್ದನ್ನೇ ಮತ್ತೆ ನಾದಿದಳು. ಮೂರ್ತಿಗಳಿಗೆ ಭಯವಾಯಿತು. ಇಬ್ಬರೂ ಸಿಂಹಾಚಲಕ್ಕೆ ಹೋಗಿ ಸ್ವಾಮಿಯ ದರ್ಶನ ಮಾಡಿ ಬರೋಣ, ಮನಸ್ಸು ತಣ್ಣಗಾಗುತ್ತದೆ ಅಂದರು.

"ಆ ಸ್ವಾಮಿಯ ಉಗ್ರ ತಣಿಯಲಿ ಅಂತ ವರ್ಷವೆಲ್ಲ ಮೈತುಂಬ ಗಂಧ ಬಳಿದಿರ್ತಾರೆ," ಅಂದಳು ಹೈಮಾವತಿ. "ನನಗೆ ಯಾರು ಬಳಿದ್ರು? ಸೆಗಣಿ ಬಳಿದ್ರು."

ಮೂರ್ತಿಗಳು ಹತ್ತಿರದ ದುವ್ವಾಡದ ರೈಲ್ವೆ ಸ್ಟೇಷನ್ನಿಗೆ ಹೋಗಿ ವಿಜಯವಾಡಕ್ಕೆ ಟಿಕೆಟ್ ಮಾಡಿಸಿದರು, ತಾವೂ ಜೊತೆಗೆ ಹೊರಟರು.

ವಿಜಯವಾಡದ ಸಭಾಭವನ ಕಿಕ್ಕಿರಿದಿತ್ತು. ಬೇಕರಿಯವರು, ಹೋಟೆಲಿನವರು, ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಹುಡುಗಿಯರು. ವೇದಿಕೆಯ ಮೇಲೆ ಧಣಿಯ ಫೋಟೋ, ಅದಕ್ಕೆ ಆಳುದ್ದ ಹಾರ, ಮುಂದೆ ದೀಪ. ಮೌನಾಚರಣೆ ಆಯಿತು, ಹಾಡುಗಳಾದವು, ಜನ ಅತ್ತರು, ಸಿಳ್ಳೆ ಹಾಕಿದರು, ಮತ್ತೆ ಅತ್ತರು. ನಿರೂಪಣೆಗೆ ನಿಂತಿದ್ದ ನರ್ಸ್ ಹುಡುಗಿ ತನುಶ್ರೀ ಹೈಮಾವತಿಯ ಹೆಸರು ಕೂಗಿದಳು. ಅತ್ತಿಗೆ ಅಂತ ತಿಳಿದದ್ದೇ ಹಿಂದಿನ ಸಾಲಿನಲ್ಲಿ ಒಂದಿಬ್ಬರು ಊ ಅಂತ ಕೂಗಿ ಹೀಯಾಳಿಸಿದರು. ಇನ್ನೂ ಬುದ್ಧಿ ಬಂದಿಲ್ಲ ನೋಡಿ, ಮುಂಡೇವಕ್ಕೆ.

ಕೆಂಪಣ್ಣ ಹಳದಿ ರೇಷ್ಮೆ ಅಂಗಿ ತೊಟ್ಟು, ವಿಗ್ ಇಟ್ಟು ಎದೆಯುಬ್ಬಿಸಿ ನಿಂತಿದ್ದ. ಹೈಮಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಡವೆ ಕದ್ದೆಯೇನೋ ಅನ್ನುವ ಮಾತು ನಿನ್ನೆ ಆಡಿದ ಹಾಗೆ ಬಾಯಿಗೆ ಬಂತು. ಆಮೇಲೆ ಕೈ ಬೀಸಿದಳು. ಈ ಸಲ ಸ್ಟುಡಿಯೋದಲ್ಲಿ ಸದ್ದು ಸೇರಿಸುವ ಅಗತ್ಯ ಬೀಳಲಿಲ್ಲ. ಫಟಾರ್ ಅಂದದ್ದು ಬಾಗಿಲಲ್ಲಿ ಚಪ್ಪಲಿ ಕಾಯುವವನಿಗೂ ಕೇಳಿಸಿತು.

ಕೆಂಪಣ್ಣನ ಕಣ್ಣಲ್ಲಿ ನೀರು ಚಿಮ್ಮಿತು. ಆದರೆ ಧಣಿ ಕದಲಿರಲಿಲ್ಲವಲ್ಲ, ಇವನು ಕದಲುವುದು ಹೇಗೆ? "ಕೈ ನೋಯ್ತಾ ಅತ್ತಿಗೆ?" ಅಂದ. ಸಭೆ ಎದ್ದು ನಿಂತಿತು. ಏನು ಅಭಿನಯ, ಏನು ಕಣ್ಣೀರು! ಮೂಲೆಯಿಂದ ಯಾರೋ ಒನ್ಸ್ ಮೋರ್ ಅಂದರು. ಇಡೀ ಭವನವೇ ಒನ್ಸ್ ಮೋರ್ ಅಂತ ಕೂಗತೊಡಗಿತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಕಂಪನಿ ನಾಟಕದ ನಟಿ ಒನ್ಸ್ ಮೋರನ್ನು ಯಾವತ್ತಾದರೂ ಇಲ್ಲ ಅಂದದ್ದುಂಟೇ? ಹೈಮಾವತಿ ಸಭೆಗೆ ಕೈ ಮುಗಿದು, ತಿರುಗಿ, ಇನ್ನೊಂದು ಬಿಟ್ಟಳು. ವಿಗ್ ಕಿವಿಯ ಮೇಲೆ ಜಾರಿತು. ಹೊಡೆದ ಮಣಿಕಟ್ಟು ಚಳಕ್ ಅಂದಿತು, ಆ ನೋವು ಅವಳಿಗೆ ಹಿತವಾಗಿತ್ತು.

ಆಮೇಲೆ ತನುಶ್ರೀಯ ಕೈಯಿಂದ ಮೈಕು ತೆಗೆದುಕೊಂಡಳು.

"ನನ್ನ ಕೈ ಇರಲಿ. ನಿಮ್ಮ ಕೆನ್ನೆ ನೋಯ್ತಾ ಕೆಂಪಣ್ಣ?"

ಮೈಕು ಅವನ ಬಾಯಿಯ ಹತ್ತಿರ ಬಂತು. ಹೌದು ಅಂದರೆ ಮರ್ಯಾದೆ ಹೋಗುತ್ತದೆ. ಅವನು ನಗಲು ನೋಡಿದ. "ಇಲ್ಲ ಕಣಮ್ಮ. ಇದೆಲ್ಲ ಬರೀ ನಟನೆ ತಾನೆ."

"ಯಾವ ಏಟಿಗೆ ಅಂತ ಹಾಸನದಲ್ಲಿ ನನ್ನ ಕೈ ಮುರಿದ್ರೋ, ಧಣಿಗೆ ಬಿದ್ದ ಆ ಏಟು?"

ಕೆಂಪಣ್ಣನಿಗೆ ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಅದೂ ನಟನೇನೇ," ಅಂತ ಗೊಣಗಿದ.

"ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಒನ್ಸ್ ಮೋರ್."

ಅವನು ಗಟ್ಟಿಯಾಗಿ ಹೇಳಿದ. ಹೈಮಾವತಿ ಹಾರ ಹಾಕಿದ ಫೋಟೋದ ಕಡೆ ನೋಡಿದಳು. ಈಗ ಆ ಕಡೆ ಮುಖ ತಿರುಗಿಸು ನೋಡೋಣ, ಅಂದುಕೊಂಡಳು.

ಅಷ್ಟರಲ್ಲಿ ಆರ್ಕೆಸ್ಟ್ರಾದ ಹುಡುಗರು ಏನೂ ತಿಳಿಯದೆ ಕಾಲಿಗೆ ಬೀಳುವ ಸೀನಿನ ರಾಗ ಶುರುಮಾಡಿದರು. ಕೆಂಪಣ್ಣ ಕೆನ್ನೆ ಹಿಡಿದುಕೊಂಡೇ ಪಿಸುಗುಟ್ಟಿದ. "ಅಮ್ಮಾ, ಕಾಲಿಗೆ ಬೀಳೋದೊಂದು ಬಾಕಿ ಐತೆ."

"ಗೊತ್ತು," ಅಂದಳು ಹೈಮಾವತಿ. "ಬೀಳಿ."

ರಾಗ ನಿಲ್ಲಲಿಲ್ಲ. ಸಭೆ ಕಾಯುತ್ತಿತ್ತು, ಯಾರಾದರೊಬ್ಬರು ಬೀಳಲೇಬೇಕಿತ್ತು. ಕೆಂಪಣ್ಣ ವಿಗ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಮೆಲ್ಲಗೆ ಮಂಡಿಯೂರಿ ಅವಳ ಪಾದ ಮುಟ್ಟಿದ. ಬಿದ್ದವನು ಹಾಗೇ ಕಾದ, ತಲೆಯ ಮೇಲೆ ಕೈಯಿಟ್ಟು ಹರಸುತ್ತಾಳೆ ಅಂತ. ಹೈಮಾವತಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ ಬಲಗೈಯನ್ನು ಅದರೊಳಗೆ ಎಳೆದುಕೊಂಡಳು, ಅವನನ್ನು ದಾಟಿ ಮೆಟ್ಟಿಲಿಳಿದು ಗಂಡನ ಪಕ್ಕ ಕೂತಳು.